ಎತ್ತಿದ ಕೈ

ಯಾರಾದರೂ ಒಂದು ಕೆಲಸದಲ್ಲಿ ಜಾಣರಾದರೆ 'ಅದರಲ್ಲಿ ಅವರು ಎತ್ತಿದ ಕೈ' ಎನ್ನುತ್ತೇವೆ. ನಾನು ಹೇಳಹೊರಟಿರುವುದು ಆ ಎತ್ತಿದ ಕೈಯ ವಿಷಯವಲ್ಲ. ನಿಜವಾಗಿಯೂ ರಸ್ತೆಯಲ್ಲಿ ಮೇಲಕ್ಕೆತ್ತಿದ ಒಂದು ಕೈಯ ವಿಷಯ. ಅದನ್ನು ನಾನು ಕಂಡದ್ದು 1977ರಲ್ಲಿ, ಮೈಸೂರಿನಲ್ಲಿ ನಾಲ್ಕನೆಯ ತರಗತಿಯಲ್ಲಿದ್ದಾಗ. ಅದರ ಅರ್ಥ ತಿಳಿದದ್ದು ಮಾತ್ರ ತಲೆಗೂದಲು ಬೆಳ್ಳಗಾದ ಮೇಲೆ.

ಆಗ ನಮ್ಮ ಬೀದಿಯ ಏಳೆಂಟು ಹುಡುಗಿಯರು ಶಾಲೆಗೆ ಹೋಗುತ್ತಿದ್ದುದು ಜಟಕಾದಲ್ಲಿ. ಕಮಾನಿನಂಥ ಚಾವಣಿ, ಕೆಳಗೆ ಹುಲ್ಲು ಹಾಸಿ ಅದರ ಮೇಲೆ ಹೊದಿಸಿದ ಗೋಣಿತಟ್ಟು, ಇಕ್ಕಟ್ಟಿನಲ್ಲಿ ಒಬ್ಬರ ಮೊಣಕಾಲು ಇನ್ನೊಬ್ಬರ ಪಕ್ಕೆಗೆ. ಜಟಕಾದಲ್ಲಿ ಕೂತವರಿಗೆ ಒಂದು ಮಾತು ಮರೆಯುವುದಿಲ್ಲ: 'ಮುಂದೆ ಬನ್ನಿ, ಹಿಂದೆ ಭಾರ!' ಹಿಂದೆ ಭಾರವಾದರೆ ಮೂಕಿ ಮೇಲೇಳುತ್ತದೆ, ಕುದುರೆಯ ಹೊಟ್ಟೆಗೆ ಪಟ್ಟಿ ಬಿಗಿಯುತ್ತದೆ. ಹಾಗಾಗಿ ನಮ್ಮ ಗಾಡಿ ತಾತ ದಿನವೂ ಒಬ್ಬಳನ್ನು ಮುಂದಕ್ಕೆ, ತನ್ನ ಪಕ್ಕಕ್ಕೆ ಕರೆದುಕೊಳ್ಳುತ್ತಿದ್ದರು. ಅಂದು ಆ ಜಾಗ ನನ್ನದಾಗಿತ್ತು.

ನಂಜನಗೂಡು ರಸ್ತೆಗೆ ತಿರುಗಿದ ಮೇಲೆ ಹಿಂದಿನಿಂದ ಒಂದು ಲಾರಿ ಬಂತು. ಕುದುರೆಯ ಕಣ್ಣಿಗೆ ಪಟ್ಟಿ ಕಟ್ಟಿರುತ್ತಾರಲ್ಲ, ಅದಕ್ಕೆ ಹಿಂದಿನದು ಕಾಣಿಸದು, ಕೇಳಿಸುತ್ತದೆ ಅಷ್ಟೆ. ಲಾರಿಯವನು ಬಿಡದೆ ಹಾರನ್ ಒತ್ತಿದ. ಕುದುರೆ ಕಿವಿ ಹಿಂದಕ್ಕೆ ಮಡಚಿತು. ತಾತ ಲಗಾಮನ್ನು ಎಡಗೈಗೆ ಸುತ್ತಿಕೊಂಡು ಬಲಗೈಯನ್ನು ಗಾಡಿಯಿಂದ ಹೊರಗೆ ಚಾಚಿ, ಅಂಗೈ ಹಿಂದಕ್ಕೆ ತೋರುವಂತೆ ಮೇಲಕ್ಕೆತ್ತಿದರು. 'ನಿಲ್ಲಪ್ಪಾ, ಒಂದು ಗಳಿಗೆ ನಿಲ್ಲು' ಎಂದರು. ಅದು ಕೂಗಿದ್ದಲ್ಲ, ಗೊಣಗಿದಂತೆ. ಇನ್ನೊಮ್ಮೆ ಹಾರನ್. ಕುದುರೆ ಮುಂಗಾಲೆತ್ತಿ ಬದಿಗೆ ಹಾರಿತು, ಒಂದು ಚಕ್ರ ಚರಂಡಿಗಿಳಿಯಿತು. ಲಾರಿ ನಿಲ್ಲದೆ ಹೋಯಿತು.

ನನ್ನ ಗೆಳತಿಯೊಬ್ಬಳ ಕೈ ಮುರಿಯಿತು. ಉಳಿದವರಿಗೆ ತರಚುಗಾಯ. ಕುದುರೆಯ ಮಂಡಿಯಿಂದ ರಕ್ತ ಸುರಿಯುತ್ತಿತ್ತು. ಸಂಜೆ ಪೊಲೀಸಿನವರೊಬ್ಬರು ಮನೆಗೆ ಬಂದು ಜಗಲಿಯ ಮೇಲೆ ಕೂತು, ಕಾಫಿ ಕುಡಿದು, ನನ್ನನ್ನು ಕರೆದು ಕೇಳಿದರು: 'ಕುದುರೆ ತಾನಾಗೇ ಬೆದರಿತೇನಮ್ಮ?' ಅಷ್ಟರಲ್ಲಿ ಅಪ್ಪ ಎರಡು ಸಲ 'ಪಳಗದ ಕುದುರೆ ಕಟ್ಟಿದ್ದಾನೆ' ಎಂದಾಗಿತ್ತು, ಎದುರುಮನೆಯವರು ಹೌದೆಂದು ತಲೆಯಾಡಿಸಿದ್ದೂ ಆಗಿತ್ತು. ನಾನೂ 'ಹೂಂ' ಎಂದೆ. ಕೈ ಎತ್ತಿದ್ದನ್ನು ಹೇಳಲಿಲ್ಲ. ಸುಳ್ಳು ಹೇಳುತ್ತಿದ್ದೇನೆ ಎಂದು ಅನ್ನಿಸಲೂ ಇಲ್ಲ. ದೊಡ್ಡವರು ಒಪ್ಪಿಕೊಂಡದ್ದನ್ನು ಒಪ್ಪಿಕೊಂಡೆ.

ಮುಂದಿನ ಸೋಮವಾರದಿಂದ ನಮಗೆ ಆಟೋರಿಕ್ಷಾ ಗೊತ್ತಾಯಿತು. ಎಲ್ಲ ಮನೆಯವರೂ ಜಟಕಾ ಬಿಡಿಸಿದರು. ತಾತ ಅರ್ಧ ತಿಂಗಳ ಬಾಡಿಗೆ ತೆಗೆದುಕೊಳ್ಳಲು ಬಂದಾಗ ಒಳಗೆ ಇಣುಕಿ, 'ಪುಟ್ಟಮ್ಮನಿಗೆ ಏಟಾಗಿಲ್ಲ ತಾನೇ?' ಎಂದರು. ನಾನು ಅಮ್ಮನ ಸೆರಗಿನ ಹಿಂದೆ ನಿಂತಿದ್ದೆ.

ಇಷ್ಟು ವರ್ಷಗಳ ಮೇಲೆ ಇದನ್ನೆಲ್ಲ ಕೆದಕಿದ್ದು ನಮ್ಮ ಶಾಲೆಯ ರಸ್ತೆ ಸುರಕ್ಷತಾ ಸಪ್ತಾಹ. ಸಮಾಜ ಪಾಠ ಮಾಡುವವಳೆಂದು ಭಾಷಣ ನನ್ನ ಪಾಲಿಗೆ ಬಂತು. ಅದೇ ಹಳೆಯ 'ಎಡಕ್ಕೆ ಚಲಿಸಿ' ಹೇಳುವುದು ಬೇಡವೆಂದು ಪಕ್ಕದ ಮನೆಯ ವಕೀಲರಿಂದ 1988ರ ಮೋಟಾರು ವಾಹನ ಕಾಯಿದೆಯ ಪುಸ್ತಕ ತಂದೆ. ಕಾನೂನಿನ ಪುಸ್ತಕ ಓದುವುದೆಂದರೆ ಕಲ್ಲಕ್ಕಿ ಆರಿಸಿದಂತೆ, ಎಲ್ಲೆಲ್ಲೋ ಕಣ್ಣು ಸಿಕ್ಕಿಕೊಳ್ಳುತ್ತದೆ. ನನ್ನ ಕಣ್ಣು 132ನೇ ಸೆಕ್ಷನ್ನಿನಲ್ಲಿ ಸಿಕ್ಕಿಕೊಂಡಿತು. ಒಂದು ಪ್ರಾಣಿಯನ್ನು ನೋಡಿಕೊಳ್ಳುತ್ತಿರುವ ಮನುಷ್ಯನಿಗೆ, ಈ ವಾಹನದಿಂದ ನನ್ನ ಪ್ರಾಣಿ ಬೆದರೀತು ಎಂಬ ಆತಂಕವಾಗಿ ಅವನು ಕೇಳಿಕೊಂಡರೆ, ಚಾಲಕ ವಾಹನವನ್ನು ನಿಲ್ಲಿಸಬೇಕು. ಅಗತ್ಯವಿರುವಷ್ಟು ಹೊತ್ತು ಅಲ್ಲೇ ನಿಂತಿರಬೇಕು. ಪ್ರಾಣಿ ಎಂದರೆ ಯಾವುದು ಎಂದೂ ಪಟ್ಟಿ ಕೊಟ್ಟಿದ್ದಾರೆ: ಕುದುರೆ, ದನ, ಆನೆ, ಒಂಟೆ, ಕತ್ತೆ, ಹೇಸರಗತ್ತೆ, ಕುರಿ, ಮೇಕೆ. 'ಇದು ಹೊಸದೇ?' ಎಂದು ವಕೀಲರನ್ನು ಕೇಳಿದೆ. 'ಇಲ್ಲಮ್ಮ, 1939ರ ಕಾಯಿದೆಯಲ್ಲೂ ಇತ್ತು. ಇಂಗ್ಲೆಂಡಿನಿಂದ ಬಂದದ್ದು' ಎಂದರು.

1939ರದ್ದೆಂದರೆ 1977ರಲ್ಲಿ ಜಾರಿಯಲ್ಲಿದ್ದುದು ಅದೇ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ತಾತ ಅಂಗಲಾಚಿದ್ದರು ಎಂದು ನಾನು ತಿಳಿದಿದ್ದೆ. ಕಾನೂನು ಕೊಟ್ಟ ಹಕ್ಕನ್ನು ಅವರು ಕೇಳಿದ್ದರು, ಅದು ಅವರಿಗೂ ಗೊತ್ತಿರಲಿಲ್ಲ.

ಆಮೇಲೆ ಆ ಕೈಯ ಜಾಡು ಹಿಡಿದು ಇಂಗ್ಲೆಂಡಿನವರೆಗೆ ಹೋದೆ, ಪುಸ್ತಕಗಳಲ್ಲಿ. ಅಲ್ಲಿ ಕಂಡದ್ದು ಒಂದು ಸ್ವಾರಸ್ಯದ ಕತೆ. 1860ರ ದಶಕದಲ್ಲಿ ಅಲ್ಲಿನ ರಸ್ತೆಗಳು ಕುದುರೆಗಳವು. ಹೊಲದ ಕೆಲಸಕ್ಕೂ ಭಾರ ಎಳೆಯುವುದಕ್ಕೂ ಆವಿಯ ಎಂಜಿನ್ನುಗಳು ಹಳಿಯಿಲ್ಲದೆ ರಸ್ತೆಗಿಳಿದಾಗ ಕುದುರೆಗಳು ದಿಕ್ಕೆಟ್ಟು ಓಡಿದವು. 1865ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆ ತಂದಿತು. ಎಂಜಿನ್ನಿಗೆ ಕನಿಷ್ಠ ಮೂವರು ಆಳು. ಒಬ್ಬ ಕೆಂಪು ಬಾವುಟ ಹಿಡಿದು 60 ಗಜ ಮುಂದೆ ನಡೆಯಬೇಕು. ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ. ಅಂದರೆ ತರಕಾರಿ ಚೀಲ ಹೊತ್ತು ಮಾರ್ಕೆಟ್ಟಿನಿಂದ ಬರುವ ನಮ್ಮ ವೇಗಕ್ಕಿಂತ ಕಡಿಮೆ.

ಇದನ್ನು ಓದಿ ಎಲ್ಲರೂ ನಗುತ್ತಾರೆ. ಹಳೆಯ ಕಾಲದವರ ಪೆದ್ದುತನಕ್ಕೆ ಉದಾಹರಣೆಯಾಗಿ ಆ ಕೆಂಪು ಬಾವುಟವನ್ನು ಎತ್ತಿ ತೋರಿಸುವುದೇ ವಾಡಿಕೆ. ನಾನೂ ಮೊದಲು ನಕ್ಕೆ. ಆದರೆ ಕಾಯಿದೆಯ ಉಳಿದ ಸಾಲುಗಳನ್ನು ಓದಿದ ಮೇಲೆ ನಗು ನಿಂತಿತು. ಬಾವುಟದವನ ಕೆಲಸ ಎಚ್ಚರಿಸುವುದಷ್ಟೇ ಅಲ್ಲ, ಎದುರಾದ ಕುದುರೆಗಳು ಎಂಜಿನ್ನನ್ನು ದಾಟಿ ಹೋಗಲು ಅವನು ಸಹಾಯ ಮಾಡಬೇಕಿತ್ತು. ಎಂಜಿನ್ನಿನ ಸೀಟಿಯನ್ನು ಯಾವ ಕಾರಣಕ್ಕೂ ಊದುವಂತಿಲ್ಲ. ಕುದುರೆಯವರು ಕಣ್ಣಿಗೆ ಬಿದ್ದಾಗ ಬುಸ್ಸೆಂದು ಆವಿ ಬಿಡುವಂತಿಲ್ಲ. ಮತ್ತೆ, ಕುದುರೆಯೊಡನಿರುವ ಯಾರೇ ಆಗಲಿ ಕೈ ಎತ್ತಿದರೆ ಎಂಜಿನ್ನನ್ನು ತಕ್ಷಣ ನಿಲ್ಲಿಸಬೇಕು.

ಯಾರೇ ಆಗಲಿ ಎಂಬುದನ್ನು ಗಮನಿಸಿ. ಜಹಗೀರುದಾರನೇ ಆಗಬೇಕಿಲ್ಲ, ಲಾಯದ ಹುಡುಗನಾದರೂ ಸಾಕು. ಟನ್ನುಗಟ್ಟಲೆ ತೂಕದ ಕಬ್ಬಿಣ ಒಂದು ಬರಿಗೈಗೆ ನಿಲ್ಲಬೇಕಿತ್ತು. ಈ ಕಾಯಿದೆಯನ್ನು ಮಾಡಿದವರಿಗೆ ಕುದುರೆ ಸಾಕಿದ ಶ್ರೀಮಂತರ ಮೇಲೆ ಮಮತೆ ಇದ್ದಿರಬಹುದು, ಇಲ್ಲವೆನ್ನಲಾರೆ. ಆದರೂ ಬರೆದಿಟ್ಟ ಮಾತು ಬಡವನಿಗೂ ಒದಗುವಂತಿತ್ತು.

ಇವೆರಡರ ನಡುವೆ ನುಸುಳಿದ್ದು ಸೈಕಲ್ಲು. ಎಂಜಿನ್ನು ಸದ್ದಿನಿಂದ ಕುದುರೆಯನ್ನು ಬೆದರಿಸಿದರೆ, ಸೈಕಲ್ಲು ಸದ್ದಿಲ್ಲದಿರುವುದರಿಂದ ಬೆದರಿಸುತ್ತಿತ್ತು. ಹಿಂದಿನಿಂದ ಬೆಕ್ಕಿನಂತೆ ಬಂದು ಪಕ್ಕದಲ್ಲಿ ಸರ್ರನೆ ಹಾದುಹೋಗುವ ಈ ಪ್ರಾಣಿ ಯಾವುದೆಂದು ಕುದುರೆಗೆ ತಿಳಿಯುತ್ತಿರಲಿಲ್ಲ. ಅದಕ್ಕೇ 1888ರಲ್ಲಿ, ಸೈಕಲ್ಲೂ ಒಂದು ಗಾಡಿಯೇ ಎಂದು ಒಪ್ಪಿಕೊಂಡ ಕಾಯಿದೆಯೇ, ಕುದುರೆಯನ್ನಾಗಲಿ ಬಂಡಿಯನ್ನಾಗಲಿ ದಾಟುವಾಗ ಗಂಟೆ ಬಾರಿಸಬೇಕೆಂದೂ ವಿಧಿಸಿತು. ಒಬ್ಬರಿಗೆ ಸದ್ದು ಮಾಡಬೇಡಿ, ಇನ್ನೊಬ್ಬರಿಗೆ ಸದ್ದು ಮಾಡಿ! ಎರಡು ಕಾನೂನೂ ಕುದುರೆಯ ಕಿವಿಯಿಂದಲೇ ಹುಟ್ಟಿದವು. ನಮ್ಮ ಸೈಕಲ್ಲಿನ ಟ್ರಿಣ್ ಟ್ರಿಣ್‌ಗೂ ಕುದುರೆಗೂ ಇಂಥ ನಂಟಿರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಸೈಕಲ್ಲಿನವರು 1886ರಲ್ಲಿ ಒಂದು ಸಂಘ ಕಟ್ಟಿಕೊಂಡು ಒಳ್ಳೆಯ ರಸ್ತೆಗಳಿಗಾಗಿ ಹೋರಾಡಿದರು. ಆ ನುಣುಪು ರಸ್ತೆಯ ಮೇಲೆ ಆಮೇಲೆ ಮೆರೆದದ್ದು ಮೋಟಾರು. ಹೆಣ್ಣುಮಕ್ಕಳ ಪಾಡು ಇನ್ನೊಂದು ಬಗೆ. 1898ರಲ್ಲಿ ಲೇಡಿ ಹಾರ್ಬರ್ಟನ್ ಎಂಬಾಕೆ ಸೈಕಲ್ ತುಳಿಯಲು ಅನುಕೂಲವಾಗುವಂಥ ಅಗಲ ಚಲ್ಲಣ ತೊಟ್ಟು ಸರ್ರೆ ಪ್ರಾಂತ್ಯದ ಆಕ್ಹ್ಯಾಮ್ ಊರಿನ ಹೋಟೆಲಿಗೆ ಹೋದರೆ, ಆ ವೇಷದಲ್ಲಿ ಕಾಫಿ ಕೊಠಡಿಗೆ ಬಿಡುವುದಿಲ್ಲವೆಂದರು. ಹಾಗೆಂದವಳೂ ಹೆಂಗಸೇ. ಮೊಕದ್ದಮೆಯಾಯಿತು, 1899ರಲ್ಲಿ ಹೋಟೆಲಿನವಳೇ ಗೆದ್ದಳು. ನಾನು ಬಿ.ಎಡ್. ಓದುವಾಗ ಸೀರೆಯುಟ್ಟು ಲೇಡೀಸ್ ಸೈಕಲ್ ತುಳಿಯುತ್ತಿದ್ದೆ. ಸೆರಗು ಸಿಕ್ಕದಂತೆ ಹಿಂದಿನ ಚಕ್ರಕ್ಕೆ ಬಲೆ ಕಟ್ಟಿಸಿದ್ದೆ. 'ನೋಡ್ರೋ, ಟೀಚರಮ್ಮ ಸರ್ಕಸ್ಸು' ಎಂದು ಕೂಗುವ ಹುಡುಗರಿದ್ದರು. ಕಾಫಿಗೇನೂ ಅಡ್ಡಿಯಾಗಲಿಲ್ಲ ಅನ್ನಿ.

1896ನೇ ಇಸವಿಗೆ ಬರೋಣ. ಆಗಸ್ಟ್ 17ರಂದು ಬ್ರಿಜೆಟ್ ಡ್ರಿಸ್ಕಾಲ್ ಎಂಬ 44 ವರ್ಷದ ಹೆಂಗಸು ಮಗಳ ಜೊತೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿಗೆ ಹೋಗಿದ್ದರು. ಅಲ್ಲಿ ಜನರನ್ನು ಸುತ್ತಾಡಿಸಿ ತೋರಿಸುತ್ತಿದ್ದ ಮೋಟಾರು ಕಾರೊಂದು ಅವರಿಗೆ ಬಡಿಯಿತು. ಕಾರು ಎದುರಿಗೆ ಬಂದಾಗ ಅವರು ಗಲಿಬಿಲಿಗೊಂಡು ನಿಂತುಬಿಟ್ಟರಂತೆ. ಬ್ರಿಟನ್ನಿನಲ್ಲಿ ಮೋಟಾರು ಕಾರಿಗೆ ಸಿಕ್ಕಿ ಸತ್ತ ಮೊದಲ ಪಾದಚಾರಿ ಅವರು. ಆಕಸ್ಮಿಕ ಸಾವು ಎಂದು ತೀರ್ಮಾನವಾಯಿತು. ಇಂಥದು ಇನ್ನೆಂದೂ ಆಗದಿರಲಿ ಎಂದು ವಿಚಾರಣೆ ನಡೆಸಿದ ಅಧಿಕಾರಿ ಹಾರೈಸಿದರು. ಅದೇ ವರ್ಷ ನವೆಂಬರಿನಲ್ಲಿ ಹೊಸ ಕಾಯಿದೆ ಜಾರಿಗೆ ಬಂದು, ಹಗುರ ಮೋಟಾರುಗಳ ಮುಂದೆ ಮನುಷ್ಯ ನಡೆಯಬೇಕೆಂಬ ನಿಯಮ ಹೋಯಿತು, ವೇಗ 14 ಮೈಲಿಗೆ ಏರಿತು. ಕಾರಿನವರು ಲಂಡನ್ನಿನಿಂದ ಬ್ರೈಟನ್ನಿನವರೆಗೆ ಮೆರವಣಿಗೆ ಹೊರಟು ಹಬ್ಬ ಮಾಡಿದರು.

ಆದರೆ ನೋಡಿ, ಕೈ ಮಾತ್ರ ಹೋಗಲಿಲ್ಲ. 1896ರ ನಿಯಮಗಳಲ್ಲೂ ಅದು ಕೂತಿದೆ: ಬೆದರುವ ಕುದುರೆಯನ್ನು ಹಿಡಿದವನು ಕೇಳಿದರೆ ಅಥವಾ ಕೈ ಎತ್ತಿದರೆ ಗಾಡಿ ನಿಲ್ಲಿಸಬೇಕು, ಅಗತ್ಯವಿರುವಷ್ಟು ಹೊತ್ತು ನಿಂತಿರಬೇಕು. ನಮ್ಮ 132ನೇ ಸೆಕ್ಷನ್ನಿನಲ್ಲಿರುವುದೂ ಹೆಚ್ಚುಕಡಿಮೆ ಇದೇ ಪದಗಳು. ಸಮುದ್ರ ದಾಟಿ ಬರುವಾಗ ಬರಿಯ ಕುದುರೆಯಿದ್ದದ್ದು ಆನೆ, ಒಂಟೆ, ಮೇಕೆಗಳನ್ನೂ ಕೂಡಿಸಿಕೊಂಡಿತು. 'ಕೈ' ಎಂಬ ಪದ ಬಿಟ್ಟುಹೋಗಿ 'ಕೇಳಿದರೆ' ಎಂಬುದಷ್ಟೇ ಉಳಿಯಿತು. ಒಂದು ಕೈಯಲ್ಲಿ ಲಗಾಮು ಹಿಡಿದವನು ಲಾರಿಯವನನ್ನು ಇನ್ನು ಹೇಗೆ ಕೇಳಿಯಾನು?

ಮುಂದಿನದು ನಿಮಗೆ ಗೊತ್ತಿರುವ ಕತೆ. 1903ರಲ್ಲಿ 20 ಮೈಲಿ. 1930ರಲ್ಲಿ ಕಾರುಗಳಿಗೆ ವೇಗದ ಮಿತಿಯನ್ನೇ ತೆಗೆದುಹಾಕಿದರು. ಆ ಒಂದು ವರ್ಷ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತವರು 7,000ಕ್ಕೂ ಹೆಚ್ಚು. ಗಾಬರಿಯಾಗಿ 1935ರಲ್ಲಿ ಊರೊಳಗೆ 30 ಮೈಲಿಯ ಮಿತಿ ತಂದರು, ಚಾಲಕರಿಗೆ ಪರೀಕ್ಷೆಯನ್ನೂ ಇಟ್ಟರು. 2022ರ ಜನವರಿಯಲ್ಲಿ ಅಲ್ಲಿನ ರಸ್ತೆ ನಿಯಮಗಳ ಪುಸ್ತಕವನ್ನು ತಿದ್ದಿದಾಗ, ಯಾರು ಹೆಚ್ಚು ಅಪಾಯ ಮಾಡಬಲ್ಲರೋ ಅವರ ಮೇಲೆ ಹೆಚ್ಚು ಹೊಣೆ ಎಂದು ಬರೆದರು. ಕುದುರೆ ಕಂಡರೆ 10 ಮೈಲಿಗೆ ಇಳಿಸಿ, ಎರಡು ಮೀಟರಾದರೂ ಜಾಗ ಬಿಟ್ಟು ದಾಟಬೇಕು. ಹಾರನ್ ಒತ್ತಬಾರದು. ಸವಾರರು ನಿಲ್ಲಿಸಿ ಎಂದು ಸನ್ನೆ ಮಾಡಿದರೆ ಮನ್ನಿಸಬೇಕು. ಕುದುರೆಯ ಮೇಲಿರುವವರು ಎಷ್ಟೋ ವೇಳೆ ಮಕ್ಕಳಾಗಿರುತ್ತಾರೆ ಎಂಬ ಎಚ್ಚರಿಕೆಯೂ ಆ ಪುಸ್ತಕದಲ್ಲಿದೆ. ಆ ಸಾಲಿನ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ. ಅದೇ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು ಸರ್ಕಾರಿ ಲೆಕ್ಕದಂತೆ 1,68,491.

ಭಾಷಣವನ್ನೇನೋ ಮಾಡಿದೆ. 132ನೇ ಸೆಕ್ಷನ್ ಹೇಳಿದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, 'ಮಿಸ್, ಆನೆಗೂ ನಿಲ್ಲಿಸಬೇಕಾ?' ಎಂದ. ಆನೆಗೆ ಕಾನೂನಿಲ್ಲದೆಯೂ ನಿಲ್ಲಿಸುತ್ತಾರಪ್ಪಾ ಎಂದೆ. ಎಲ್ಲರೂ ನಕ್ಕರು. ಜಟಕಾದ ವಿಷಯ ಬಾಯಿಗೆ ಬಂತು, ಹೇಳಲಾಗಲಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಮೈಸೂರಿಗೆ ಹೋದಾಗ ಅರಮನೆಯ ಹತ್ತಿರ ಪ್ರವಾಸಿಗರಿಗಾಗಿ ನಿಂತಿದ್ದ ಒಂದು ಟಾಂಗಾ ಹತ್ತಿದೆ. ಜೊತೆಗೆ ಯಾರೂ ಇರಲಿಲ್ಲ. ಗಾಡಿಯವರು ನನಗಿಂತ ಹತ್ತು ವರ್ಷ ಚಿಕ್ಕವರು, ಅವರ ತಂದೆಯೂ ಇದೇ ಕಸುಬಿನವರಂತೆ. ನಾನು ಹಿಂದೆ ಕೂತದ್ದೇ ತಡ, 'ಸ್ವಲ್ಪ ಮುಂದೆ ಬನ್ನಿ ಅಮ್ಮಾ' ಎಂದರು. ಮುಂದಕ್ಕೆ ಸರಿದು ಅವರ ಪಕ್ಕಕ್ಕೆ ಕೂತೆ.

ದಾರಿಯಲ್ಲಿ ಸೆಕ್ಷನ್ನಿನ ವಿಷಯ ಹೇಳಿದೆ. ಕೈ ಎತ್ತಿದರೆ ಬಸ್ಸಾಗಲಿ ಕಾರಾಗಲಿ ನಿಲ್ಲಿಸಬೇಕು, ಕಾಯಿದೆಯೇ ಇದೆ, ಗೊತ್ತೇ ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು, ತಮಾಷೆ ಮಾಡುತ್ತಿದ್ದೇನೋ ಎಂಬಂತೆ.

'ಕೈ ಎತ್ತಿದ್ರೆ ಬಾಡಿಗೆಗೆ ಕರೀತಾ ಇದಾನೆ ಅಂದ್ಕೋತಾರೆ ಅಮ್ಮಾ' ಎಂದು ನಕ್ಕು, ಕುದುರೆಯನ್ನು ರಸ್ತೆಯ ಎಡ ಅಂಚಿಗೆ ಇನ್ನಷ್ಟು ಸರಿಸಿಕೊಂಡರು.