ಹುಳುವೇ ಇಲ್ಲದ ಹುಳುಕಡ್ಡಿ: ಗೋವಾ ಪುಡಿಯಿಂದ ಇವತ್ತಿನ ಟ್ಯೂಬಿನವರೆಗೆ

ಮಗುವಿನ ಕುತ್ತಿಗೆ ಮೇಲೋ ಹೊಟ್ಟೆ ಮೇಲೋ ನಾಣ್ಯದಷ್ಟಗಲ ಒಂದು ಕೆಂಪು ಉಂಗುರ. ಅಂಚು ಸ್ವಲ್ಪ ಉಬ್ಬಿ ಹೊಟ್ಟು ಏಳುತ್ತೆ, ನಡುಭಾಗ ತಿಳಿಯಾಗಿರುತ್ತೆ, ದಿನೇ ದಿನೇ ಅಗಲ ಆಗುತ್ತೆ, ತುರಿಕೆ ಬೇರೆ. ಊರಲ್ಲಿ ಇದಕ್ಕೆ ಹುಳುಕಡ್ಡಿ, ಗಜಕರ್ಣ ಅಂತೀವಿ. ಮುಂಬೈ, ಪುಣೆಯಲ್ಲೂ ಗಜಕರ್ಣ ಅಂದ್ರೆ ಅರ್ಥ ಆಗುತ್ತೆ. ಹೈದರಾಬಾದಲ್ಲಿ ತಾಮರ, ಚೆನ್ನೈಯಲ್ಲಿ ಪಡರ್‌ತಾಮರೈ, ದೆಹಲಿಯಲ್ಲಿ ದಾದ್. ನಮ್ಮ ಹುಳುಕಡ್ಡಿಯಲ್ಲೂ ಇಂಗ್ಲಿಷಿನ ರಿಂಗ್‌ವರ್ಮ್‌ನಲ್ಲೂ ಹೆಸರಲ್ಲೇ ಹುಳು ಇದೆ. ಚರ್ಮದಲ್ಲಿ ಮಾತ್ರ ಹುಳು ಇಲ್ಲ, ಇರೋದು ಫಂಗಸ್, ಅಂದರೆ ಶಿಲೀಂಧ್ರ.

ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದಿಟ್ಟವರಲ್ಲಿ ಮುಖ್ಯರಾದವರು ಡೇವಿಡ್ ಗ್ರುಬಿ. ಹಂಗೇರಿಯಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿದ್ದ ವೈದ್ಯರು. 1841ರಿಂದ 1844ರ ನಡುವೆ ಮಕ್ಕಳ ತಲೆಯ ಕೂದಲನ್ನು ಪರೀಕ್ಷಿಸಿ, ಈ ರೋಗಕ್ಕೆ ಶಿಲೀಂಧ್ರವೇ ಕಾರಣ ಅಂತ ತೋರಿಸಿದರು. ರಾಬರ್ಟ್ ಕಾಖ್ ಕ್ಷಯದ ರೋಗಾಣು ಕಂಡುಹಿಡಿದದ್ದು 1882ರಲ್ಲಿ. ಅದಕ್ಕೂ ಸುಮಾರು ನಲವತ್ತು ವರ್ಷ ಮೊದಲಿನ ಮಾತು ಇದು!

ಕಾರಣ ಗೊತ್ತಾಯ್ತು, ಔಷಧಿ? ಇಲ್ಲಿ ಕಥೆ ನಮ್ಮ ಮುಂಬೈಗೆ ಬರುತ್ತೆ. ಹತ್ತೊಂಬತ್ತನೇ ಶತಮಾನದ ಬಾಂಬೆಯಲ್ಲಿ ಹುಳುಕಡ್ಡಿಗೆ ‘ಗೋವಾ ಪುಡಿ’ ಅಂತ ಮಾರುತ್ತಿದ್ದರು. ಅದು ಗೋವಾದಲ್ಲಿ ಬೆಳೆಯುವ ವಸ್ತುವೇ ಅಲ್ಲ. ಬ್ರೆಜಿಲ್‌ನ ಬಹಿಯಾ ಪ್ರಾಂತ್ಯದ ಅರರೋಬಾ ಮರದ ಕಾಂಡದೊಳಗೆ ಸಿಗುವ ಪುಡಿ, ಪೋರ್ಚುಗೀಸರ ಕೈಯಿಂದ ಗೋವಾಕ್ಕೆ ಬಂದದ್ದು. ಇದರ ಮೂಲ ಹೊರಗಿನ ವೈದ್ಯರಿಗೆ ತಿಳಿದದ್ದು 1870ರ ದಶಕದಲ್ಲಿ. ಪುಡಿ ಕೆಲಸವೇನೋ ಮಾಡುತ್ತಿತ್ತು. ಆದರೆ ಚರ್ಮ ಉರಿಯುತ್ತಿತ್ತು, ಬಟ್ಟೆಗೆ ಹತ್ತಿದ ಕಲೆ ಹೋಗುತ್ತಿರಲಿಲ್ಲ, ಕಣ್ಣಿಗೆ ತಾಗಿದರೆ ಕೆಟ್ಟ ಉರಿಯೂತ.

ತಲೆಗೆ ಹತ್ತಿದ ಹುಳುಕಡ್ಡಿ ಇನ್ನೂ ಕಷ್ಟ. ಶಿಲೀಂಧ್ರ ಕೂದಲ ಬುಡದೊಳಗೆ ಇರೋದರಿಂದ ಮೇಲೆ ಹಚ್ಚಿದ್ದು ಅಲ್ಲಿಗೆ ತಲುಪೋದಿಲ್ಲ. ಯೂರೋಪಿನಲ್ಲಿ ಟಾರಿನಂಥ ಅಂಟನ್ನು ಮಗುವಿನ ತಲೆಗೆ ಟೋಪಿ ಥರ ಬಳಿದು, ಕೂದಲ ಸಮೇತ ಕಿತ್ತು ತೆಗೆಯುತ್ತಿದ್ದರು. 1904ರಲ್ಲಿ ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯ ರೇಮಂಡ್ ಸಬೂರೋ, ಎಕ್ಸ್‌ರೇ ಕೊಟ್ಟು ಕೂದಲು ಉದುರಿಸುವ ವಿಧಾನ ತಂದರು. ನೋವಿಲ್ಲ, ವರ್ಷಗಟ್ಟಲೆ ಕಾಯುವುದೂ ಇಲ್ಲ. ಎಲ್ಲ ಕಡೆ ಹರಡಿತು. ಇಸ್ರೇಲ್‌ನಲ್ಲಿ 1948ರಿಂದ 1960ರ ನಡುವೆ ಸುಮಾರು 20,000 ಮಕ್ಕಳಿಗೆ ಈ ಚಿಕಿತ್ಸೆ ಆಯಿತು. ಅವರಲ್ಲಿ ಮಿದುಳಿನ ಗೆಡ್ಡೆ, ಥೈರಾಯ್ಡ್ ಕ್ಯಾನ್ಸರ್ ಹೆಚ್ಚು ಅಂತ 1974ರ ಅಧ್ಯಯನ ತೋರಿಸಿತು. 1994ರಲ್ಲಿ ಅಲ್ಲಿನ ಸರ್ಕಾರ ಪರಿಹಾರದ ಕಾನೂನನ್ನೇ ತಂದಿತು. ಹುಳುಕಡ್ಡಿಯಿಂದ ಯಾವ ಮಗುವಿನ ಜೀವಕ್ಕೂ ಅಪಾಯ ಇರಲಿಲ್ಲ, ನೆನಪಿರಲಿ.

ಇಷ್ಟರಲ್ಲೇ ಪರ್ಯಾಯ ಸಿಕ್ಕಿತ್ತು. ಗ್ರಿಸಿಯೋಫಲ್ವಿನ್ 1939ರಲ್ಲೇ ಒಂದು ಬೂಷ್ಟಿನಿಂದ ಪ್ರತ್ಯೇಕಿಸಿದ್ದ ವಸ್ತು. ಬಾಯಿಂದ ಕೊಟ್ಟರೆ ಗಿನಿ ಇಲಿಗಳ ಹುಳುಕಡ್ಡಿ ವಾಸಿಯಾಗುತ್ತೆ ಅಂತ ಗ್ಲಾಸ್ಗೋದ ಜೆಂಟಲ್ಸ್ 1958ರಲ್ಲಿ ತೋರಿಸಿದರು. ನುಂಗಿದ ಔಷಧಿ ಬೆಳೆಯುತ್ತಿರುವ ಕೂದಲೊಳಗೇ ಸೇರಿಕೊಳ್ಳುತ್ತೆ. ಎಕ್ಸ್‌ರೇ ಕಾಲ ಅಲ್ಲಿಗೆ ಮುಗಿಯುತ್ತಾ ಬಂತು.

ಈಗ ನಮ್ಮ ಕಾಲಕ್ಕೆ ಬರೋಣ. ಆಫೀಸಿಂದ ಬರುವಾಗ ಮೆಡಿಕಲ್ ಶಾಪಲ್ಲಿ ‘ಮಗುವಿಗೆ ತುರಿಕೆ, ಏನಾದ್ರೂ ಕೊಡಿ’ ಅಂತೀವಿ. ಕೈಗೆ ಬರೋದು ಬಹಳ ಸಲ ಮೂರ್ನಾಲ್ಕು ಔಷಧಿ ಬೆರೆಸಿದ ಟ್ಯೂಬು, ಅದರಲ್ಲಿ ಸ್ಟೀರಾಯ್ಡ್. ಎರಡೇ ದಿನದಲ್ಲಿ ಕೆಂಪು, ತುರಿಕೆ ಮಾಯ. ಆದರೆ ಸ್ಟೀರಾಯ್ಡ್ ತಗ್ಗಿಸಿದ್ದು ಚರ್ಮದ ಪ್ರತಿರೋಧವನ್ನು, ಶಿಲೀಂಧ್ರವನ್ನಲ್ಲ. ಅದು ಒಳಗೇ ಹರಡಿ, ಉಂಗುರದ ಗುರುತೂ ಅಳಿಸಿ, ಡಾಕ್ಟರಿಗೂ ಪತ್ತೆ ಆಗದ ಹಾಗೆ ಆಗುತ್ತೆ. ಇದನ್ನು 1968ರಲ್ಲೇ ಬ್ರಿಟನ್ನಿನ ವೈದ್ಯರು ವಿವರಿಸಿದ್ದರು. ನಮ್ಮಲ್ಲಿ 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು. ಇದರ ಜೊತೆಗೆ ಟರ್ಬಿನಾಫಿನ್‌ಗೂ ಬಗ್ಗದ ಹೊಸ ತಳಿಯೊಂದು ಭಾರತದಲ್ಲಿ ಹರಡಿದೆ. 2020ರಲ್ಲಿ ಅದಕ್ಕೆ ಇಟ್ಟ ಹೆಸರು ಟ್ರೈಕೋಫೈಟಾನ್ ಇಂಡೋಟಿನಿಯೆ. ಹೆಸರಲ್ಲೇ ನಮ್ಮ ದೇಶ.

ಹಾಗಾದ್ರೆ ಮನೆಯಲ್ಲಿ ಏನು ಮಾಡಬೇಕು? ಟ್ಯೂಬಿನ ಮೇಲೆ ಕ್ಲೊಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಅಂತಿದ್ದರೆ ಅದು ಸ್ಟೀರಾಯ್ಡ್, ಹಚ್ಚಬೇಡಿ. ಮೈಮೇಲೆ ಒಂದೆರಡು ಸಣ್ಣ ಉಂಗುರ ಇದ್ದರೆ ಕ್ಲೊಟ್ರಿಮಝೋಲ್‌ನಂಥ ಬರೀ ಶಿಲೀಂಧ್ರನಾಶಕ ಕ್ರೀಮ್ ಸಾಮಾನ್ಯವಾಗಿ ಸಾಕು. ಅಂಚಿನಿಂದ ಸ್ವಲ್ಪ ಆಚೆಗೂ ಹಚ್ಚಿ, ಡಾಕ್ಟರು ಹೇಳಿದಷ್ಟು ವಾರ ಹಚ್ಚಿ. ಗುರುತು ಮಾಸಿತು ಅಂತ ಮಧ್ಯದಲ್ಲೇ ಬಿಡಬೇಡಿ. ತಲೆಯಲ್ಲಿ ಹೊಟ್ಟಿನ ಜೊತೆ ಕೂದಲು ತುಂಡಾಗಿ ಬೋಳು ಮಚ್ಚೆ ಆಗಿದ್ದರೆ, ಕೀವು ತುಂಬಿ ಊದಿದ್ದರೆ, ತಡ ಮಾಡದೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಅದಕ್ಕೆ ಮಗುವಿನ ತೂಕ ನೋಡಿ ಕೊಡುವ ಬಾಯಿ ಔಷಧಿಯೇ ಬೇಕು, ಅದೂ ಹಲವು ವಾರ. ಟವೆಲ್, ಬಾಚಣಿಗೆ ಬೇರೆ ಇಡಿ. ಮನೆಯವರಿಗೆ ಯಾರಿಗಾದರೂ ಇದ್ದರೆ ಅವರಿಗೂ ಜೊತೆಯಲ್ಲೇ ಚಿಕಿತ್ಸೆ ಆಗಲಿ. ಬೆಕ್ಕು, ನಾಯಿ ಸಾಕಿದ್ದರೆ ಅವನ್ನೂ ತೋರಿಸಿ.

ಇನ್ನೂರು ವರ್ಷದ ಈ ಕಥೆಯಲ್ಲಿ ಮಕ್ಕಳಿಗೆ ಹೆಚ್ಚು ಪೆಟ್ಟು ಬಿದ್ದದ್ದು ರೋಗದಿಂದಲ್ಲ, ದೊಡ್ಡವರ ಅವಸರದಿಂದ. ಎರಡು ದಿನದ ಮ್ಯಾಜಿಕ್‌ಗಿಂತ ನಾಲ್ಕು ವಾರದ ತಾಳ್ಮೆ ಮೇಲು.