ಹಬ್ಬದ ಕಾಸು, ಜಾತ್ರೆಯ ಬೊಂಬೆ: ರಾಮನಗರ ಸೀಮೆಯಲ್ಲಿ ಮಕ್ಕಳ ಉಡುಗೊರೆಯ ಚರಿತ್ರೆ

ಚನ್ನಪಟ್ಟಣದ ಬೊಂಬೆಗಳ ಬಗ್ಗೆ ಬರೆದವರು ಮರ, ಅರಗು, ಕುಶಲಕರ್ಮಿ, ರಫ್ತು ಇವನ್ನೆಲ್ಲ ಮನಸಾರೆ ಬರೆದಿದ್ದಾರೆ. ಆ ಬೊಂಬೆಗೆ ಕೈಚಾಚಿದ ಮಗು ಮಾತ್ರ ಈ ಬರಹಗಳಲ್ಲಿ ಅಪರೂಪ. ಯಾವ ಹಬ್ಬಕ್ಕೆ, ಯಾರ ಕೈಯಿಂದ, ಏನು ಬರಬಹುದೆಂದು ಆ ಮಗು ಕಾಯುತ್ತಿತ್ತು? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಹಬ್ಬಗಳನ್ನು ಈ ಪ್ರಶ್ನೆಯಿಂದ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಇಲ್ಲಿ ಉಡುಗೊರೆ ಕೊಡುವವರು ಮಗುವಿನ ಕಣ್ಣೆದುರಿಗೇ ಇರುತ್ತಿದ್ದರು, ಮತ್ತು ಏನು ಸಿಗಬೇಕೆಂಬುದನ್ನು ಸುಗ್ಗಿಯೂ ಜಾತ್ರೆಯೂ ತೀರ್ಮಾನಿಸುತ್ತಿದ್ದವು.

ಇದಕ್ಕೆ ಸಂಕ್ರಾಂತಿಯೇ ಮೊದಲ ಸಾಕ್ಷಿ. ಹಳೆ ಮೈಸೂರಿನ ಅನೇಕ ಮನೆಗಳಲ್ಲಿ ಪುಟ್ಟ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸುಗಳನ್ನು ಬೆರೆಸಿ ತಲೆಯ ಮೇಲಿಂದ ಎರೆಯುತ್ತಾರೆ. ಕೆಳಗೆ ಬಿದ್ದದ್ದು ನೆರೆಮನೆಯ ಮಕ್ಕಳಿಗೆ. ಸ್ವಲ್ಪ ದೊಡ್ಡವರಾದ ಹೆಣ್ಣುಮಕ್ಕಳು ಹೊಸ ಲಂಗ ಉಟ್ಟು, ತಟ್ಟೆಯಲ್ಲಿ ಎಳ್ಳುಬೆಲ್ಲ, ಸಕ್ಕರೆ ಅಚ್ಚು, ಕಬ್ಬು ಇಟ್ಟುಕೊಂಡು ಮನೆಮನೆಗೆ ಎಳ್ಳು ಬೀರಲು ಹೊರಡುತ್ತಾರೆ. ಮಗು ಇಲ್ಲಿ ಪಡೆಯುವುದರ ಜೊತೆಗೇ ಕೊಡುವುದನ್ನೂ ಕಲಿಯುತ್ತದೆ. ಮಕ್ಕಳ ಉಡುಗೊರೆಯನ್ನು ದೊಡ್ಡವರಿಂದ ಚಿಕ್ಕವರಿಗೆ ಇಳಿದು ಬರುವ ವಸ್ತುವೆಂದಷ್ಟೇ ತಿಳಿಯುವ ಅಧ್ಯಯನಗಳು ಈ ಅಂಶವನ್ನು ಗಮನಿಸಬೇಕು.

ಆಟಿಕೆ ಬರುತ್ತಿದ್ದದ್ದು ಹೆಚ್ಚಾಗಿ ಜಾತ್ರೆಯಿಂದ. ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ ಕೆಂಗಲ್ ಆಂಜನೇಯನ ಸನ್ನಿಧಿಯಲ್ಲಿ ಜನವರಿಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಮಾಗಡಿ ತಿರುಮಲೆಯ ರಂಗನಾಥನ ತೇರು, ಕನಕಪುರ ತಾಲ್ಲೂಕಿನ ಕಬ್ಬಾಳಮ್ಮನ ಜಾತ್ರೆ, ರಾಮನಗರದ ಚಾಮುಂಡೇಶ್ವರಿ ಕರಗ ಹೀಗೆ ವರ್ಷದ ಉದ್ದಕ್ಕೂ ಸಂದರ್ಭಗಳಿವೆ. ತಾತ, ಸೋದರಮಾವ ಕೊಟ್ಟ ಜಾತ್ರೆ ಕಾಸಿನಲ್ಲಿ ಬೆಂಡುಬತ್ತಾಸು, ಕಡಲೆಪುರಿ ಕೊಂಡು, ಉಳಿದರೆ ಪೀಪಿ, ಬುಗುರಿ, ಗಿಲಕಿ. ಎತ್ತು ಒಳ್ಳೆಯ ಬೆಲೆಗೆ ಹೋದ ವರ್ಷ ಮಗುವಿನ ಕೈಗೂ ನಾಲ್ಕು ಕಾಸು ಹೆಚ್ಚು ಬರುತ್ತಿತ್ತು.

ದಸರೆಯ ಬೊಂಬೆ ಬೇರೆ ಬಗೆಯದು. ಒಡೆಯರ ದಸರಾ ಉತ್ಸವ 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮೊದಲಾಯಿತು. ಹಳೆ ಮೈಸೂರಿನ ಮನೆಗಳು ಆ ದರ್ಬಾರನ್ನು ಪಟ್ಟದ ಗೊಂಬೆಗಳ ಮೂಲಕ ಹಜಾರಕ್ಕೆ ತಂದುಕೊಂಡವು. ಮೆಟ್ಟಿಲ ಮೇಲೆ ಕೂರಿಸಿದ ಆ ಬೊಂಬೆಗಳನ್ನು ಮುಟ್ಟುವಂತಿಲ್ಲ. ನೋಡಲು ಬಂದ ಮಕ್ಕಳಿಗೆ ಸಿಗುತ್ತಿದ್ದದ್ದು ಬೊಂಬೆ ಬಾಗಿನ: ಕೋಡುಬಳೆ, ಉಂಡೆ, ಒಂದು ಹಿಡಿ ಹುರಿಗಾಳು. ಕೂಲಿಮಠಗಳೆಂಬ ಹಳೆಯ ಊರಶಾಲೆಗಳ ಕಾಲದಲ್ಲಿ ಹುಡುಗರು ಪಾಠ ಹೇಳುವ ಐಗಳ ಜೊತೆ ಮನೆಮನೆ ಮುಂದೆ ಮಹಾನವಮಿಯ ಚೌಪದ ಹಾಡುತ್ತಿದ್ದರು. ಹಾಡಿಗೆ ಸಂದ ದುಡ್ಡು ಐಗಳಿಗೆ, ತಿಂಡಿ ಹುಡುಗರಿಗೆ. ದುಡಿದು ಪಡೆಯುವ ಈ ಬಗೆಯ ಉಡುಗೊರೆಯನ್ನು ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ವೇಳೆಗೆ ಮನೆಬಾಗಿಲಲ್ಲಿ ಹಾಡುವ ಮಕ್ಕಳ ರೂಢಿಯ ಪಕ್ಕದಲ್ಲಿಟ್ಟು ನೋಡಬಹುದು.

ಈ ಸೀಮೆಯ ವಿಶೇಷ ಕಾಣಿಕೆಯೆಂದರೆ ದೊಡ್ಡಮಳೂರಿನದು. ಚನ್ನಪಟ್ಟಣದ ಬಳಿಯ ಅಪ್ರಮೇಯಸ್ವಾಮಿ ದೇವಾಲಯದಲ್ಲಿ ಅಂಬೆಗಾಲು ಕೃಷ್ಣನಿದ್ದಾನೆ. ಮಕ್ಕಳಿಲ್ಲದವರು ಅಲ್ಲಿ ಹರಕೆ ಹೊರುತ್ತಾರೆ, ಫಲಿಸಿದವರು ಪುಟ್ಟ ತೊಟ್ಟಿಲು ಒಪ್ಪಿಸುತ್ತಾರೆ. ಇನ್ನೂ ಹುಟ್ಟದ ಮಗುವಿಗಾಗಿ ಹೊತ್ತ ಹರಕೆಗೆ, ದೇವರೆಂಬ ಮಗುವಿಗೆ ಸಲ್ಲುವ ಕಾಣಿಕೆ ಇದು. ಮಗು ಏನನ್ನು ಬಯಸುತ್ತದೆ ಎಂಬುದಕ್ಕಿಂತ ಮಗುವನ್ನೇ ಬಯಸುವ ಈ ಆಚಾರ ನನಗೆ ಈ ಚರಿತ್ರೆಯ ಹೃದಯಭಾಗವೆಂದು ತೋರುತ್ತದೆ.

ಇನ್ನು ಬೊಂಬೆ ಮಾಡುವ ಕೈಗಳು. ಟಿಪ್ಪು ಸುಲ್ತಾನ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದನೆಂಬುದು ಪ್ರತೀತಿ. ಜಪಾನಿನ ತಂತ್ರವನ್ನು ಇಲ್ಲಿಗೆ ಒಗ್ಗಿಸಿದವರೆಂದು ಬಾವಾಸ್ ಮಿಯಾನ್ ಹೆಸರಾಗಿದ್ದಾರೆ. ಹಾಲೆ ಮರದ ತುಂಡನ್ನು ಕಡೆದು, ತಿರುಗುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣಗರಿಯಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಬಾಯಿಗಿಟ್ಟುಕೊಳ್ಳುವ ಕೂಸಿಗೂ ಕೊಡಬಹುದಾದ ಗಿಲಕಿ ಹುಟ್ಟುವುದು ಹೀಗೆ. ಈ ಕಸುಬಿನಲ್ಲಿ ಮುಸ್ಲಿಂ ಕುಟುಂಬಗಳು ಬಹಳ. ಅವರು ಕಡೆದ ಬೊಂಬೆ ನವರಾತ್ರಿಯ ಮೆಟ್ಟಿಲೇರುತ್ತದೆ. ಅವರ ಮನೆಯ ಮಕ್ಕಳು ರಂಜಾನ್ ಹಬ್ಬದ ಬೆಳಿಗ್ಗೆ ಹಿರಿಯರಿಗೆ ಸಲಾಂ ಹೇಳಿ ಈದಿ ಹಣಕ್ಕೆ ಕೈಚಾಚುತ್ತಾರೆ. ಈದಿಯಲ್ಲೂ ಕೊಡುವವರು ಗುರುತಿನವರೇ. ಜಪಾನಿನ ಹೊಸ ವರ್ಷದ ಒತೊಶಿದಾಮವೂ ಹೀಗೆಯೇ, ಲಕೋಟೆಯಲ್ಲಿ ಹಿರಿಯರು ಕೊಡುವ ಹಣ.

ಕಾಣದ ದಾನಿಯ ಕಲ್ಪನೆ ಬಂದದ್ದು ಬೇರೆ ಕಡೆಯಿಂದ. ನಾಲ್ಕನೇ ಶತಮಾನದ ಮೈರಾದ ಬಿಷಪ್ ಸಂತ ನಿಕೋಲಸ್ ಡಚ್ಚರಲ್ಲಿ ಸಿಂಟರ್‌ಕ್ಲಾಸ್ ಆದ, ಅಮೆರಿಕದಲ್ಲಿ ಸಾಂತಾಕ್ಲಾಸ್ ಆದ; ಮಕ್ಕಳು ಅವನಿಗೆ ಬೇಕುಬೇಡಗಳ ಪತ್ರ ಬರೆಯತೊಡಗಿದರು. ನಮ್ಮ ಕನಕಪುರ ತಾಲ್ಲೂಕಿನ ಹಾರೋಬೆಲೆಯಂಥ ಕ್ರೈಸ್ತ ಊರುಗಳಿಗೆ ಕ್ರಿಸ್‌ಮಸ್ ಹಳೆಯದು. ಆದರೆ ಕನ್ನಡ ಕ್ರೈಸ್ತರ ಮನೆಗಳಲ್ಲಿ ಆ ಹಬ್ಬದ ಬೊಂಬೆಯೆಂದರೆ ಗೋದಲಿಯ ಬಾಲಯೇಸು, ದನಕರು, ಕುರುಬರು. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸ್ ಗೋದಲಿಯ ದೃಶ್ಯ ಏರ್ಪಡಿಸಿದನೆಂಬ ಪರಂಪರೆ ಈ ನೆಲದಲ್ಲಿ ದಸರೆಯ ಬೊಂಬೆಗೆ ನೆರೆಯಾಯಿತು. ಸಿಂಟರ್‌ಕ್ಲಾಸನ ನೆದರ್‌ಲೆಂಡ್ಸ್ ಸರ್ಕಾರವೇ ಮುಂದೆ ರಾಜ್ಯದ ‘ವಿಶ್ವ’ ಎಂಬ ಯೋಜನೆಯ ಮೂಲಕ ಚನ್ನಪಟ್ಟಣದ ಕುಶಲಕರ್ಮಿಗಳಿಗೆ ನೆರವಾಯಿತು.

ಎಲ್ಲ ಮಕ್ಕಳೂ ಹಬ್ಬಕ್ಕಾಗಿ ಕಾದು ಕೂತಿರಲಿಲ್ಲ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ವರದಿ ಪ್ರಕಟಿಸಿತು; ಕರ್ನಾಟಕ ಅದರಲ್ಲಿ ಮುಖ್ಯವಾಗಿತ್ತು. ಹೆತ್ತವರು ಪಡೆದ ಮುಂಗಡ ತೀರಿಸಲು ದುಡಿಯುತ್ತಿದ್ದ ಮಕ್ಕಳು ಅವರು. ಹಬ್ಬದ ಹೊಸ ರೇಷ್ಮೆ ಲಂಗದ ಚರಿತ್ರೆ ಬರೆಯುವವರು ರೇಷ್ಮೆಗೂಡು ಬೇಯುವ ಬಿಸಿನೀರಿನಲ್ಲಿ ಸುಕ್ಕಾದ ಪುಟ್ಟ ಕೈಗಳನ್ನು ಬಿಟ್ಟು ಬರೆಯಲಾಗದು.

ಈಚಿನ ಬದಲಾವಣೆಗಳು ವೇಗವಾಗಿವೆ. ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತು ದೊರೆಯಿತು. 2010ರಲ್ಲಿ ಭಾರತಕ್ಕೆ ಬಂದ ಮಿಶೆಲ್ ಒಬಾಮ ಅವನ್ನು ಕೊಂಡರು, 2015ರ ಗಣರಾಜ್ಯೋತ್ಸವದಲ್ಲಿ ಅವು ರಾಜ್ಯದ ಸ್ತಬ್ಧಚಿತ್ರವಾದವು. ಅದೇ ಹೊತ್ತಿಗೆ ಪ್ಲಾಸ್ಟಿಕ್ ಆಟಿಕೆ ಜಾತ್ರೆಯ ಅಂಗಡಿಗಳನ್ನು ತುಂಬಿತು, ಹುಟ್ಟುಹಬ್ಬ ಹೊಸ ಹಬ್ಬವಾಯಿತು. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣಗಳನ್ನು ಬದಿಗಿಟ್ಟು ಸಾಗುವುದರಿಂದ ಹಳೆಯ ರಸ್ತೆಯ ಬೊಂಬೆ ಅಂಗಡಿಗಳಿಗೆ ಪ್ರಯಾಣಿಕರು ಕಡಿಮೆಯಾದರು.

ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಮಕ್ಕಳ ಉಡುಗೊರೆಗಳಿಗಾಗಿ ಅಲ್ಲಿ ಒಂದು ಸಂಗ್ರಹ ಆರಂಭವಾಗಬೇಕು. ಈ ನಾಲ್ಕು ತಾಲ್ಲೂಕುಗಳ ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ: ಅಟ್ಟದ ಮೇಲೆ ಹಳೆಯ ಗಿಲಕಿಯೋ ಬುಗುರಿಯೋ ಸಕ್ಕರೆ ಅಚ್ಚಿನ ಮರವೋ ಇದ್ದರೆ ಎಸೆಯಬೇಡಿ. ಅದನ್ನು ಯಾರು, ಯಾರಿಗೆ, ಯಾವ ಹಬ್ಬಕ್ಕೆ ಕೊಟ್ಟರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.