ಬಸಿರಾದ ಮೇಯರ್, ಮೂವತ್ತು ವರ್ಷದ ಸಾಲ

1973ರ ಜನವರಿ. ಕೆನಡಾದ ಮಾಂಟ್ರಿಯಲ್ ನಗರದ ಮೇಯರ್ ಜಾನ್ ಡ್ರಾಪೊ ಪತ್ರಕರ್ತರನ್ನು ಕರೆಸಿ ಕೂರಿಸಿಕೊಂಡು, ಮೂರು ವರ್ಷಗಳ ನಂತರ ತಮ್ಮೂರಿನಲ್ಲಿ ನಡೆಯಲಿದ್ದ ಒಲಿಂಪಿಕ್ಸ್‌ನ ಖರ್ಚು ವಿವರಿಸಿದರು. ಒಟ್ಟು 31 ಕೋಟಿ ಡಾಲರ್. ಅದೂ ತೆರಿಗೆದಾರರ ಜೇಬಿನಿಂದಲ್ಲ. ಸ್ಮರಣೆಯ ನಾಣ್ಯ, ಅಂಚೆಚೀಟಿ, ಲಾಟರಿಗಳಿಂದಲೇ ಹುಟ್ಟುವ ದುಡ್ಡು. ಹಾಗಾದರೆ ನಷ್ಟವಾಗುವುದೇ ಇಲ್ಲವೇ? ಗಂಡಸು ಬಸಿರಾಗುವುದು ಎಷ್ಟು ಸಾಧ್ಯವೋ ಒಲಿಂಪಿಕ್ಸ್ ನಷ್ಟಕ್ಕೆ ಬೀಳುವುದೂ ಅಷ್ಟೇ ಸಾಧ್ಯ ಎಂದುಬಿಟ್ಟರು ಮೇಯರ್.

ಆ ಮಾತನ್ನು ಊರು ಮರೆಯಲಿಲ್ಲ. ‘ಗೆಜೆಟ್’ ಪತ್ರಿಕೆಯ ವ್ಯಂಗ್ಯಚಿತ್ರಕಾರ ಟೆರಿ ಮೋಷರ್, ತುಂಬುಬಸಿರಿನ ಡ್ರಾಪೊ ಫೋನ್ ಹಿಡಿದು ಡಾಕ್ಟರ್ ಮಾರ್ಗೆಂಟೇಲರ್ ಅವರನ್ನು ವಿಚಾರಿಸುತ್ತಿರುವ ಚಿತ್ರ ಬರೆದರು. ಮಾರ್ಗೆಂಟೇಲರ್ ಎಂದರೆ ಗರ್ಭಪಾತ ಮಾಡಿಸಿದ್ದಕ್ಕಾಗಿ ಅದೇ ಊರಿನಲ್ಲಿ ಮೊಕದ್ದಮೆ ಎದುರಿಸುತ್ತಿದ್ದ ವೈದ್ಯರು. ಕೆನಡಾದ ಪತ್ರಿಕಾ ಚರಿತ್ರೆಯಲ್ಲಿ ಅಷ್ಟು ಹೆಸರಾದ ವ್ಯಂಗ್ಯಚಿತ್ರ ಇನ್ನೊಂದು ಸಿಗುವುದು ಕಷ್ಟ. ಇತ್ತ ಒಲಿಂಪಿಕ್ಸ್ ಬಿಟ್ಟುಹೋದ ಸುಮಾರು 150 ಕೋಟಿ ಡಾಲರ್ ಹೊರೆ ಪೂರ್ತಿ ಇಳಿದದ್ದು 2006ರಲ್ಲಿ. ಅಷ್ಟೊತ್ತಿಗೆ ಡ್ರಾಪೊ ತೀರಿಕೊಂಡು ಏಳು ವರ್ಷವಾಗಿತ್ತು.

ಇಷ್ಟನ್ನೇ ಕೇಳಿದವರು ‘ಊರಿನ ಬೊಕ್ಕಸ ಬರಿದು ಮಾಡಿದ ಪುಣ್ಯಾತ್ಮ’ ಎಂದು ಷರಾ ಬರೆದು ಕಡತ ಮುಚ್ಚಬಹುದು. ತೊಡಕಿರುವುದು ಇಲ್ಲೇ. ಇವತ್ತಿಗೂ ಮಾಂಟ್ರಿಯಲ್‌ನ ಜನ ಚಳಿಗಾಲದ ಹಿಮಪಾತದಲ್ಲಿ ಬೆಚ್ಚಗೆ ಕೂತು ಓಡಾಡುವ ಮೆಟ್ರೋ ರೈಲನ್ನು ಕೊಟ್ಟವರೂ ಇದೇ ಡ್ರಾಪೊ.

ವರ್ಷಕ್ಕೊಬ್ಬರಂತೆ ಗೌನು ತೊಟ್ಟು ಇಳಿದುಹೋಗುತ್ತಿದ್ದ ಮೇಯರುಗಳನ್ನು ಕಂಡ ಬೆಂಗಳೂರಿನವರಿಗೆ ಡ್ರಾಪೊ ಅವರ ಕಾಲಾವಧಿಯೇ ಸೋಜಿಗ ಹುಟ್ಟಿಸೀತು. 1954ರಿಂದ 57, ಮತ್ತೆ 1960ರಿಂದ 86: ಒಟ್ಟು ಇಪ್ಪತ್ತೊಂಬತ್ತು ವರ್ಷ. ವೃತ್ತಿಯಿಂದ ವಕೀಲರು. 1950ರ ದಶಕದ ಆರಂಭದಲ್ಲಿ ಊರಿನ ಜೂಜುಕಟ್ಟೆ, ವೇಶ್ಯಾಗೃಹ ಹಾಗೂ ಅವಕ್ಕೆ ಕಣ್ಣುಮುಚ್ಚಿಕೊಂಡಿದ್ದ ಪೊಲೀಸರ ಮೇಲೆ ನಡೆದ ಕ್ಯಾರೊನ್ ವಿಚಾರಣೆಯಲ್ಲಿ ವಾದಿಸಿ ಹೆಸರು ಮಾಡಿದರು. ಮೂವತ್ತೆಂಟನೇ ವಯಸ್ಸಿಗೆ ಮೇಯರ್ ಕುರ್ಚಿ ಸಿಕ್ಕಿತು, ಮೂರೇ ವರ್ಷದಲ್ಲಿ ಕೈತಪ್ಪಿತು. 1960ರಲ್ಲಿ ಸ್ವಂತ ಪಕ್ಷ ಕಟ್ಟಿಕೊಂಡು ಮರಳಿದಾಗ ಅವರ ಕೈಯಲ್ಲಿದ್ದ ದೊಡ್ಡ ಭರವಸೆ ಮೆಟ್ರೋ.

ಮೆಟ್ರೋ ಮಾತು ಆ ಊರಿಗೆ ಹೊಸದೇನಲ್ಲ. 1910ರಿಂದಲೂ ನಕ್ಷೆಗಳು ಬರುತ್ತಿದ್ದವು, ಕಪಾಟು ಸೇರುತ್ತಿದ್ದವು. 1954ರಲ್ಲಿ ಪ್ರತಿಸ್ಪರ್ಧಿ ನಗರ ಟೊರಾಂಟೊ ತನ್ನ ಸುರಂಗ ರೈಲು ಓಡಿಸಿ ಮಾಂಟ್ರಿಯಲ್‌ನ ಹೊಟ್ಟೆ ಉರಿಸಿತು. 1959ರ ಆಗಸ್ಟ್‌ನಲ್ಲಿ ಊರಿನ ಕೊನೆಯ ಟ್ರಾಮ್ ನಿಂತುಹೋಯಿತು. ರಸ್ತೆ ತುಂಬ ಬಸ್ಸು, ಕಾರು. ಡ್ರಾಪೊ ಗೆದ್ದ ಮರುವರ್ಷವೇ, 1961ರ ನವೆಂಬರ್‌ನಲ್ಲಿ, ನಗರಸಭೆ ಮೆಟ್ರೋಗೆ ಒಪ್ಪಿಗೆ ಕೊಟ್ಟಿತು. 1962ರ ಮೇ ತಿಂಗಳಲ್ಲಿ ಅಗೆತ ಶುರು. 1966ರ ಅಕ್ಟೋಬರ್ 14ರಂದು ರೈಲು ಓಡಿತು. ಅರ್ಧ ಶತಮಾನ ಕಾಗದದ ಮೇಲಿದ್ದದ್ದು ಐದೇ ವರ್ಷದಲ್ಲಿ ನೆಲದಡಿ ಇಳಿದಿತ್ತು.

ಅದನ್ನು ಕಟ್ಟಿದ ಬಗೆ ನೋಡಬೇಕು. ಪ್ಯಾರಿಸ್‌ನ ಮಾದರಿ ಹಿಡಿದು ಕಬ್ಬಿಣದ ಗಾಲಿಯ ಬದಲು ರಬ್ಬರ್ ಟೈರು ಹಾಕಿದರು. ಸದ್ದು ಕಡಿಮೆ, ಏರು ಹತ್ತುವ ಶಕ್ತಿ ಹೆಚ್ಚು. ಆದರೆ ರಬ್ಬರಿಗೂ ಹಿಮಕ್ಕೂ ಆಗಿಬರದು. ಹಾಗಾಗಿ ಇಡೀ ಮಾರ್ಗ ನೆಲದಡಿಯಲ್ಲೇ ಸಾಗಿತು. ನಿಲ್ದಾಣಗಳನ್ನು ಬೇರೆ ಬೇರೆ ವಾಸ್ತುಶಿಲ್ಪಿಗಳಿಗೆ ಹಂಚಿದ್ದರಿಂದ ಒಂದರಂತೆ ಇನ್ನೊಂದಿಲ್ಲ. ಕೆಲಸದ ಉಸ್ತುವಾರಿ ಹೊತ್ತವರು ನಗರದ ಲೋಕೋಪಯೋಗಿ ವಿಭಾಗದ ಎಂಜಿನಿಯರ್ ಲೂಸಿಯನ್ ಲಾಲಿಯೇ. ಹಣದ ಚೀಲದ ದಾರ ಹಿಡಿದವರು ಕಾರ್ಯಕಾರಿ ಸಮಿತಿಯ ಅಧ್ಯಕ್ಷ ಲೂಸಿಯನ್ ಸೋನಿಯೇ. ಡ್ರಾಪೊ ಕನಸು ಕಂಡರೆ ಸೋನಿಯೇ ಲೆಕ್ಕ ಕೇಳುತ್ತಿದ್ದರು. ಮೊದಲ ಹಂತದ 26 ನಿಲ್ದಾಣಗಳಿಗೆ ತಗಲಿದ್ದು 21 ಕೋಟಿ ಡಾಲರ್ ಚಿಲ್ಲರೆ. ನಗರ ತಾನೇ ಹೊತ್ತ ಖರ್ಚು ಅದು. ಆಗ ಹಳಿಗಿಳಿದ ಮೊದಲ ತಲೆಮಾರಿನ ಬೋಗಿಗಳು 2018ರವರೆಗೆ, ಐವತ್ತೆರಡು ವರ್ಷ, ದುಡಿದು ನಿವೃತ್ತಿಯಾದವು.

ಅಗೆತ ನಡೆಯುತ್ತಿದ್ದಾಗಲೇ ಇನ್ನೊಂದು ಅವಕಾಶ ಬಾಗಿಲು ತಟ್ಟಿತು. 1967ರ ವಿಶ್ವಮೇಳ ನಡೆಸಬೇಕಿದ್ದ ಮಾಸ್ಕೊ 1962ರಲ್ಲಿ ಹಿಂದೆ ಸರಿಯಿತು. ಡ್ರಾಪೊ ಅದನ್ನು ಊರಿಗೆ ತಂದರು. ಜಾಗವೆಲ್ಲಿ? ಸೇಂಟ್ ಲಾರೆನ್ಸ್ ನದಿಯ ನಡುವೆ. ಅಲ್ಲಿದ್ದ ಸೇಂಟ್ ಹೆಲೆನ್ ದ್ವೀಪವನ್ನು ಹಿಗ್ಗಿಸಿ, ಪಕ್ಕದಲ್ಲಿ ನಾತ್ರ್ ದಾಮ್ ಎಂಬ ಹೊಸ ದ್ವೀಪವನ್ನೇ ಕಟ್ಟಿದರು. ನದಿಗೆ ಸುರಿದ ರಾಶಿಯಲ್ಲಿ ಮೆಟ್ರೋ ಸುರಂಗದಿಂದ ತೆಗೆದ ಕಲ್ಲೂ ಇತ್ತು. 1967ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ‘ಎಕ್ಸ್‌ಪೋ 67’ಕ್ಕೆ ಐದು ಕೋಟಿಗೂ ಹೆಚ್ಚು ಭೇಟಿಗಳಾದವು. ಕೆನಡಾದ ಆಗಿನ ಜನಸಂಖ್ಯೆಯೇ ಎರಡು ಕೋಟಿ! ಮೇಳ ನಷ್ಟದಲ್ಲೇ ಮುಗಿದರೂ ಆ ನಷ್ಟದಲ್ಲಿ ದೊಡ್ಡ ಪಾಲು ಕೇಂದ್ರದ್ದು, ನಂತರದ್ದು ಕ್ಯುಬೆಕ್ ಪ್ರಾಂತ್ಯದ್ದು. ನಗರದ ಹೆಗಲಿಗೆ ಬಿದ್ದದ್ದು ಅತಿ ಚಿಕ್ಕ ಪಾಲು.

ಆದರೆ ಮೇಳ ಮೆಟ್ರೋದ ನಕ್ಷೆಯನ್ನೇ ತಿರುಗಿಸಿತು. ಮೌಂಟ್ ರಾಯಲ್ ಬೆಟ್ಟದಡಿಯ ಹಳೆಯ ರೈಲ್ವೆ ಸುರಂಗ ಬಳಸಿ ಉತ್ತರದ ಬಡಾವಣೆಗಳಿಗೆ ಹೋಗಬೇಕಿದ್ದ ಮೂರನೆಯ ಮಾರ್ಗವನ್ನು ಬದಿಗಿಟ್ಟು, ಮೇಳದ ದ್ವೀಪಕ್ಕೆ ನದಿಯಡಿಯಿಂದ ಸಾಗುವ ನಾಲ್ಕನೆಯ ಮಾರ್ಗ ಕಟ್ಟಿದರು. ಇಂದಿಗೂ ಮಾಂಟ್ರಿಯಲ್ ಮೆಟ್ರೋದಲ್ಲಿ ಮಾರ್ಗ 1, 2, 4, 5 ಇವೆ, 3 ಇಲ್ಲ. ಮೇಳದ ದಾರಿಯಲ್ಲಿದ್ದ ‘ಗೂಸ್ ವಿಲೇಜ್’ ಎಂಬ ಐರಿಷ್, ಇಟಾಲಿಯನ್ ಕೂಲಿಕಾರರ ಬಡಾವಣೆಯನ್ನು 1964ರಲ್ಲಿ ನೆಲಸಮ ಮಾಡಿದರು. ನೂರಾರು ಕುಟುಂಬಗಳು ಚೆಲ್ಲಾಪಿಲ್ಲಿಯಾದವು.

ಮೇಳದ ಗೆಲುವು ಡ್ರಾಪೊ ಅವರ ತಲೆಗೇರಿತು ಎನ್ನುವವರಿದ್ದಾರೆ. 1968ರಲ್ಲಿ ನಗರದ ಸಾಲ ತೀರಿಸಲು ಅವರು ‘ಸ್ವಯಂಪ್ರೇರಿತ ತೆರಿಗೆ’ ಎಂಬ ಹೆಸರಿನಲ್ಲಿ ಲಾಟರಿ ಶುರುಮಾಡಿ ನ್ಯಾಯಾಲಯದಲ್ಲಿ ಸೋತರು. ಮರುವರ್ಷ ಸ್ವಂತಕ್ಕೊಂದು ಹೋಟೆಲು ತೆರೆದರು. ಊಟದ ಹೊತ್ತಿಗೆ ವಾದ್ಯವೃಂದ ನುಡಿಸುತ್ತಿತ್ತು. ನುಡಿಸುವಷ್ಟು ಹೊತ್ತು ಗಿರಾಕಿಗಳು ಮಾತಾಡುವಂತಿರಲಿಲ್ಲ! ಎರಡು ವರ್ಷದಲ್ಲಿ ಅದು ಮುಚ್ಚಿತು. ಅಷ್ಟಾದರೂ 1970ರ ಅಕ್ಟೋಬರ್‌ನ ಚುನಾವಣೆಯಲ್ಲಿ ಶೇ 92ರಷ್ಟು ಮತ ಬಿದ್ದವು, ನಗರಸಭೆಯ 52 ಸ್ಥಾನಗಳೂ ಅವರ ಪಕ್ಷಕ್ಕೇ ಬಂದವು. ಕ್ಯುಬೆಕ್ ಪ್ರತ್ಯೇಕತಾವಾದಿಗಳು ನಡೆಸಿದ ಅಪಹರಣ, ತುರ್ತು ಕಾಯಿದೆಗಳ ಭಯದ ನಡುವೆ ನಡೆದ ಚುನಾವಣೆ ಅದು. ಸಭೆಯಲ್ಲಿ ಎದ್ದುನಿಂತು ಪ್ರಶ್ನೆ ಕೇಳುವ ಒಬ್ಬ ವಿರೋಧಿಯೂ ಉಳಿಯಲಿಲ್ಲ. ಲೆಕ್ಕ ಕೇಳುತ್ತಿದ್ದ ಸೋನಿಯೇ ಕೂಡ ಅದೇ ವರ್ಷ ಸಮಿತಿ ಬಿಟ್ಟು ಹೊಸ ಮಹಾನಗರ ಸಮುದಾಯದ ಹೊಣೆ ಹೊತ್ತರು.

ಅದೇ ವರ್ಷದ ಮೇ ತಿಂಗಳಲ್ಲಿ ಮಾಸ್ಕೊ, ಲಾಸ್ ಏಂಜಲೀಸ್‌ಗಳನ್ನು ಹಿಂದಿಕ್ಕಿ ಮಾಂಟ್ರಿಯಲ್ 1976ರ ಒಲಿಂಪಿಕ್ಸ್ ಗಿಟ್ಟಿಸಿತ್ತು.

ಮನೆ ಕಟ್ಟಿ ನೋಡು ಎಂಬ ಗಾದೆ ನಮ್ಮಲ್ಲಿದೆಯಲ್ಲ, ಡ್ರಾಪೊ ಕ್ರೀಡಾಂಗಣ ಕಟ್ಟಿ ನೋಡಿದರು. ಟೆಂಡರ್ ಕರೆಯದೆ ಪ್ಯಾರಿಸ್‌ನ ವಾಸ್ತುಶಿಲ್ಪಿ ರೋಜೆ ತಾಯಿಬೆರ್ ಅವರನ್ನು ಆರಿಸಿದರು. ತಾಯಿಬೆರ್ ತಂದ ನಕ್ಷೆ ನೋಡಲು ಬಲು ಚೆಂದ: ತಿಮಿಂಗಿಲದ ಪಕ್ಕೆಲುಬುಗಳಂತೆ ಬಾಗಿದ ಕಾಂಕ್ರೀಟ್ ತೊಲೆಗಳು, ಪಕ್ಕದಲ್ಲಿ ವಾಲಿ ನಿಂತ 165 ಮೀಟರ್ ಗೋಪುರ, ಅದರ ತುದಿಯಿಂದ ಕೊಡೆಯಂತೆ ಬಿಚ್ಚಿ ಮಡಚುವ ಬಟ್ಟೆಯ ಚಾವಣಿ. ಬೇರೆಡೆ ಎರಕ ಹೊಯ್ದು ತಂದ ತುಂಡುಗಳನ್ನು ಎತ್ತಿ ಜೋಡಿಸುವ ನಾಜೂಕು ಕೆಲಸವನ್ನು ಕೆನಡಾದ ಹಿಮದಲ್ಲಿ ಮಾಡಬೇಕಿತ್ತು. 1973ರ ತೈಲ ಬಿಕ್ಕಟ್ಟು ಉಕ್ಕು, ಸಿಮೆಂಟಿನ ಬೆಲೆ ಏರಿಸಿತು. ಕಾರ್ಮಿಕರು ಮೇಲಿಂದ ಮೇಲೆ ಮುಷ್ಕರ ಹೂಡಿದರು. ಉದ್ಘಾಟನೆಯ ದಿನ ಮಾತ್ರ ಕದಲುವಂತಿರಲಿಲ್ಲ. ದಿನ ಹತ್ತಿರವಾದಷ್ಟೂ ಗುತ್ತಿಗೆದಾರ ಕೇಳಿದ ಬೆಲೆಗೆ ಹೂಂ ಅನ್ನಬೇಕಾಯಿತು. 1975ರ ನವೆಂಬರ್‌ನಲ್ಲಿ ಕ್ಯುಬೆಕ್ ಸರ್ಕಾರ ಕಾಮಗಾರಿಯನ್ನು ಮೇಯರ್ ಕೈಯಿಂದ ಕಿತ್ತುಕೊಂಡಿತು.

ಆಟ ಶುರುವಾಗುವ ಕೆಲವೇ ದಿನ ಮುಂಚೆ ಮೇಯರ್ ಇನ್ನೊಂದು ವಿವಾದ ಮೈಮೇಲೆ ಎಳೆದುಕೊಂಡರು. ಶೆರ್‌ಬ್ರೂಕ್ ರಸ್ತೆಯುದ್ದಕ್ಕೂ ‘ಕಾರಿಡಾರ್ಟ್’ ಎಂಬ ಬಯಲು ಕಲಾಪ್ರದರ್ಶನ ಏರ್ಪಟ್ಟಿತ್ತು. ಊರು ಕೆಡವಿ ಕಳೆದುಕೊಂಡ ಹಳೆಯ ಕಟ್ಟಡಗಳ ನೆನಪನ್ನು ಕಲಾವಿದರು ಅಲ್ಲಿ ಕೆಣಕಿದ್ದರು. ಡ್ರಾಪೊ ಆಜ್ಞೆಯ ಮೇರೆಗೆ ನಗರದ ಕೆಲಸಗಾರರು ರಾತ್ರೋರಾತ್ರಿ ಅದನ್ನು ಕಿತ್ತುಹಾಕಿದರು.

1976ರ ಜುಲೈ 17ರಂದು ಒಲಿಂಪಿಕ್ಸ್ ಆರಂಭವಾದಾಗ ಗೋಪುರ ಮೊಂಡಾಗಿ ನಿಂತಿತ್ತು, ಚಾವಣಿ ಇರಲೇ ಇಲ್ಲ. ಕನ್ನಡದವರಿಗೂ ಆ ಆಟಗಳ ಒಂದು ಕಹಿ ನೆನಪಿದೆ. ಒಲಿಂಪಿಕ್ಸ್ ಹಾಕಿ ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ನಡೆದದ್ದು ಅಲ್ಲೇ. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಏಳನೆಯ ಸ್ಥಾನಕ್ಕೆ ಕುಸಿಯಿತು. ಆ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರು.

ಸಾಲ ತೀರಿಸಲು ಕ್ಯುಬೆಕ್ ಸರ್ಕಾರ ತಂಬಾಕಿನ ಮೇಲೆ ವಿಶೇಷ ತೆರಿಗೆ ಹಾಕಿತು. ಒಲಿಂಪಿಕ್ಸ್ ನೋಡದವರೂ, ಆಗ ಹುಟ್ಟದಿದ್ದವರೂ ಸಿಗರೇಟು ಹಚ್ಚಿದಾಗಲೆಲ್ಲ ಸ್ಟೇಡಿಯಂಗೆ ಕಾಸು ಕೊಟ್ಟರು. ‘ಬಿಗ್ ಓ’ ಎಂಬ ಅದರ ಅಡ್ಡಹೆಸರಿನ ‘ಓ’ ಅಕ್ಷರವನ್ನು, ಉಚ್ಚಾರ ಕೆಡಿಸದೆ, ‘ಬಾಕಿ’ ಎಂಬ ಅರ್ಥ ಬರುವಂತೆ ಜನ ಬದಲಿಸಿಕೊಂಡರು. ನ್ಯಾಯಮೂರ್ತಿ ಆಲ್ಬರ್ಟ್ ಮಾಲೂಫ್ ಆಯೋಗ 1980ರಲ್ಲಿ ವರದಿ ಕೊಟ್ಟು, ಹೊಣೆಯ ದೊಡ್ಡ ಪಾಲನ್ನು ಮೇಯರ್ ಮೇಲೇ ಹೊರಿಸಿತು. ಉತ್ತರ ಬರೆಯುತ್ತೇನೆ ಎಂದ ಡ್ರಾಪೊ ಬರೆಯಲೇ ಇಲ್ಲ. ಮತದಾರರು ಮಾತ್ರ 1978ರಲ್ಲೂ 1982ರಲ್ಲೂ ಅವರನ್ನೇ ಆರಿಸಿದರು.

ಹಾಗಾದರೆ ಡ್ರಾಪೊ ಅವರನ್ನು ತೂಗುವುದು ಹೇಗೆ? ಮೆಟ್ರೋ ಒಂದು ತಟ್ಟೆಗೆ, ಸ್ಟೇಡಿಯಂ ಇನ್ನೊಂದಕ್ಕೆ ಹಾಕಿ ಸರಿದೂಗಿಸುವುದು ಸುಲಭ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಎರಡನ್ನೂ ಕಟ್ಟಿದ ಹಟ ಒಂದೇ. ಯಾರನ್ನೂ ಕೇಳದ ಸ್ವಭಾವ, ಪ್ಯಾರಿಸ್‌ನ ಮೋಹ, ದಿನ ಗೊತ್ತುಮಾಡಿ ಊರನ್ನೇ ಓಡಿಸುವ ರೀತಿ ಎರಡರಲ್ಲೂ ಇದ್ದವು. ಬೇರೆಯಾಗಿದ್ದದ್ದು ಸುತ್ತಲಿನ ಜನ. ಮೆಟ್ರೋಗೆ ನಗರದ್ದೇ ಎಂಜಿನಿಯರುಗಳಿದ್ದರು, ಪೈಸೆ ಪೈಸೆ ಕೇಳುವ ಸೋನಿಯೇ ಇದ್ದರು. ಸ್ಟೇಡಿಯಂ ಹೊತ್ತಿಗೆ ಬೇಡ ಎನ್ನುವ ಅಧಿಕಾರವಿದ್ದವರು ಯಾರೂ ಉಳಿದಿರಲಿಲ್ಲ. ಅದೂ ಅಲ್ಲದೆ ಮೆಟ್ರೋ ಊರಿಗೆ ದಿನವೂ ಬೇಕಿದ್ದ ವಸ್ತು. ಒಲಿಂಪಿಕ್ಸ್ ಹದಿನಾರು ದಿನದ ಜಾತ್ರೆ.

ಇಂದು ಮೆಟ್ರೋ 68 ನಿಲ್ದಾಣಗಳಿಗೆ ಬೆಳೆದಿದೆ. ಮೇಳದ ದ್ವೀಪದಲ್ಲಿರುವ ನಿಲ್ದಾಣಕ್ಕೆ ಡ್ರಾಪೊ ಹೆಸರಿಟ್ಟಿದ್ದಾರೆ. ಸ್ಟೇಡಿಯಂ ಗೋಪುರ ಪೂರ್ತಿಯಾದದ್ದು 1987ರಲ್ಲಿ. ಕೊಡೆಯಂತೆ ಬಿಚ್ಚಬೇಕಿದ್ದ ಚಾವಣಿ ಗಾಳಿಗೆ ಮತ್ತೆ ಮತ್ತೆ ಹರಿಯಿತು. 1998ರಲ್ಲಿ ಹೊದಿಸಿದ ಇನ್ನೊಂದು ಮರುವರ್ಷದ ಜನವರಿಯಲ್ಲೇ ಹಿಮದ ಭಾರಕ್ಕೆ ಸೀಳಿತು. ಕಡೆಗೆ 2024ರ ಫೆಬ್ರವರಿಯಲ್ಲಿ ಕ್ಯುಬೆಕ್ ಸರ್ಕಾರ ಹೊಸ ಚಾವಣಿ, ಅದನ್ನು ಹೊರುವ ಉಂಗುರ ಕಟ್ಟಲು ಹಣ ಮಂಜೂರು ಮಾಡಿತು. ಮೊತ್ತ 87 ಕೋಟಿ ಡಾಲರ್. ಇಡೀ ಒಲಿಂಪಿಕ್ಸ್‌ಗೆ 31 ಕೋಟಿ ಸಾಕು ಎಂದು ಮೇಯರ್ ಹೇಳಿ ಆಗ ಐವತ್ತೊಂದು ವರ್ಷವಾಗಿತ್ತು.